ಅರಿವಳಿಕೆಗೆ ಮುಂಚಿನ ಆ ಕೈಯುರಿ

ಇಂದು ಬೆಳಿಗ್ಗೆ ಕಲಬುರಗಿಯ ಒಂದು ಓಟಿಯಲ್ಲಿ (ಶಸ್ತ್ರಚಿಕಿತ್ಸಾ ಕೊಠಡಿಯಲ್ಲಿ), ಪಿತ್ತಕೋಶದ ಶಸ್ತ್ರಚಿಕಿತ್ಸೆಗೆ ಹಳ್ಳಿಯಿಂದ ಬಂದಿದ್ದ ತಾಯಿಯೊಬ್ಬರು, ನಿದ್ದೆ ಬರಿಸುವ ಚುಚ್ಚುಮದ್ದು ಪ್ರೊಪೊಫಾಲ್ ಒಳಗಿಳಿಯುತ್ತಿದ್ದಂತೆ "ಯವ್ವಾ, ಕೈ ಉರಿಲಾಕತ್ತದರಿ" ಎಂದು ಚೀರಿ ಕೈ ಎಳೆದುಕೊಂಡರು. "ಆಯ್ತವ್ವ, ಈಗ ನಿದ್ದಿ ಬರ್ತದ" ಎಂಬುದಷ್ಟೇ ಅವರಿಗೆ ಸಿಕ್ಕ ಉತ್ತರ. ಆ ಉರಿ ತಡೆಯಬಲ್ಲ, ಮರಗಟ್ಟಿಸುವ ಔಷಧ ಲಿಗ್ನೊಕೇನ್ ಪಕ್ಕದ ಟ್ರೇಯಲ್ಲೇ ಇತ್ತು. ಸಂಜೆಯಾದರೂ ನನ್ನ ಸಿಟ್ಟು ಇಳಿದಿಲ್ಲ.

ಈ ಉರಿ ಯಾರಿಗೂ ಹೊಸದಲ್ಲ. ಪ್ರೊಪೊಫಾಲ್ ಫೀನಾಲ್ ಜಾತಿಯ ಔಷಧ. ಸೋಯಾ ಎಣ್ಣೆಯ ಬಿಳಿ ದ್ರಾವಣದಲ್ಲಿದ್ದರೂ ರಕ್ತನಾಳದ ಒಳಗೋಡೆಯನ್ನು ಕೆರಳಿಸುತ್ತದೆ. ಬ್ರಿಟಿಷ್ ಮೆಡಿಕಲ್ ಜರ್ನಲ್ 2011ರಲ್ಲಿ ಪ್ರಕಟಿಸಿದ, 177 ಅಧ್ಯಯನಗಳ 25,260 ವಯಸ್ಕ ರೋಗಿಗಳ ವಿಶ್ಲೇಷಣೆಯ ಪ್ರಕಾರ, ಮುನ್ನೆಚ್ಚರಿಕೆಯಿಲ್ಲದೆ ಕೊಟ್ಟರೆ ಹತ್ತರಲ್ಲಿ ಸುಮಾರು ಆರು ಜನರಿಗೆ ನೋವಾಗುತ್ತದೆ. ದಾರಿಯನ್ನೂ ಅದೇ ಬರಹ ತೋರಿಸಿದೆ: ಅಂಗೈ ಹಿಂಬದಿಯ ಸಣ್ಣ ನಾಳವನ್ನು ಬಿಟ್ಟು ಮೊಣಕೈ ಮಡಿಕೆಯ ದೊಡ್ಡ ನಾಳವನ್ನು ಆರಿಸಬೇಕು; ಕೈಯ ನಾಳವೇ ಗತಿಯಾದರೆ, ಮೇಲೆ ಪಟ್ಟಿ ಬಿಗಿದು ರಕ್ತದ ಓಟ ತಡೆದು, ಮೊದಲು ಲಿಗ್ನೊಕೇನ್ ಕೊಟ್ಟು, ಸ್ವಲ್ಪ ಹೊತ್ತು ಕಾದು, ಪಟ್ಟಿ ಸಡಿಲಿಸಿ ಪ್ರೊಪೊಫಾಲ್ ಕೊಡಬೇಕು. ಲಿಗ್ನೊಕೇನ್ ದುಬಾರಿಯಲ್ಲ, ಅಪರೂಪದ್ದೂ ಅಲ್ಲ.

ದಿನಕ್ಕೆ ರೋಗಿಗಳು ಬಹಳ, ನೋವು ಕೆಲವೇ ಕ್ಷಣದ್ದು, ಎದ್ದಮೇಲೆ ಯಾರಿಗೂ ನೆನಪಿರುವುದಿಲ್ಲ ಎನ್ನುತ್ತಾರೆ ಸಹೋದ್ಯೋಗಿಗಳು. ತುರ್ತು ಸ್ಥಿತಿಯಲ್ಲಿ ಕಾಯಲಾಗದು, ಒಪ್ಪುತ್ತೇನೆ. ಆದರೆ ಇಂದಿನದು ಮೊದಲೇ ದಿನ ನಿಗದಿಯಾಗಿದ್ದ ಶಸ್ತ್ರಚಿಕಿತ್ಸೆ. ನೆನಪಿರುವುದಿಲ್ಲ ಎಂಬ ಮಾತಂತೂ ನನ್ನ ಮುಂದೆ ನಡೆಯದು: ನನ್ನ ತಾಯಿ ತಮ್ಮ ಶಸ್ತ್ರಚಿಕಿತ್ಸೆಯ ಮಾತು ಬಂದಾಗಲೆಲ್ಲ, ಹೊಟ್ಟೆಯ ಗಾಯಕ್ಕಿಂತ ಮೊದಲು ಆ ಕೈಯುರಿಯನ್ನೇ ಹೇಳುತ್ತಾರೆ. ಇದನ್ನು ನಾನು ಸಹೋದ್ಯೋಗಿಗಳಿಗೆ ಈವರೆಗೆ ಹೇಳಿರಲಿಲ್ಲ. ಇನ್ನು ನೆನಪೇ ಉಳಿಯದಿದ್ದರೂ, ಆ ಕ್ಷಣದಲ್ಲಿ ಎಚ್ಚರವಿದ್ದ ಮನುಷ್ಯರು ನಮ್ಮನ್ನು ನಂಬಿ ಕೈ ಚಾಚಿರುತ್ತಾರೆ. ಹೆದರಿ ಮಲಗಿದವರಿಗೆ ನಾವು ಕೊಡುವ ಕೊನೆಯ ಅನುಭವ ಉರಿಯಾಗಬೇಕೆ?

ಸ್ನಾಯು ಸಡಿಲಿಸುವ ರೊಕುರೋನಿಯಮ್ ಕೂಡ ಹೀಗೆಯೇ ಉರಿಯುತ್ತದೆ. ನಿದ್ದೆಗೆ ಜಾರಿದವರೂ ಕೈ ಸೆಳೆದುಕೊಳ್ಳುವುದನ್ನು ನಾವೆಲ್ಲ ಕಂಡಿದ್ದೇವೆ.

ಓಟಿಯ ಗೆಳೆಯರಲ್ಲಿ ನನ್ನ ವಿನಂತಿ ಇಷ್ಟೇ: ಔಷಧ ಕೊಡಲು ನಾಳಕ್ಕೆ ಕ್ಯಾನುಲಾ (ಸಣ್ಣ ಕೊಳವೆ) ಹಾಕುವಾಗಲೇ ಯಾವ ನಾಳ ಎಂಬುದನ್ನು ಯೋಚಿಸಿ, ಲಿಗ್ನೊಕೇನ್ ಅಲರ್ಜಿ ಇದೆಯೇ ಎಂದು ಕೇಳಿ, ಇಲ್ಲವಾದರೆ ಪ್ರೊಪೊಫಾಲ್‌ಗಿಂತ ಮೊದಲು ಅದನ್ನು ಸಿರಿಂಜಿಗೆ ತುಂಬಿಕೊಳ್ಳಿ.