ಅಬಕಾರಿ ಇಲಾಖೆಗೊಂದು ಲಿವರ್ ವಿಭಾಗ

2025-26ರ ಬಜೆಟ್ಟಿನಲ್ಲಿ ಅಬಕಾರಿ ಇಲಾಖೆಗೆ ಕೊಟ್ಟ ಗುರಿ 40,000 ಕೋಟಿ ರೂಪಾಯಿ. ಹಾಗೆಂದು ಇಲಾಖೆಯವರೇ ಕೂತು ಕುಡಿಯಬೇಕಿಲ್ಲ. ಕುಡಿಯುವ ಕೆಲಸ ನಮ್ಮದು, ಎಣಿಸುವುದಷ್ಟೇ ಅವರದು. ಶಾಲೆಗೆ ಮಕ್ಕಳನ್ನು ಸೇರಿಸುವ ಗುರಿ ತಪ್ಪಿದರೆ ಯಾರ ನಿದ್ದೆಯೂ ಕೆಡುವುದಿಲ್ಲ. ಈ ಗುರಿ ತಪ್ಪುವ ಸೂಚನೆ ಕಂಡರೆ ಸಾಕು, ಪರಿಶೀಲನಾ ಸಭೆಯ ಚಹಾ ಆರುವುದಕ್ಕೂ ಬಿಡುವುದಿಲ್ಲ.

ಅದೇ ಸರ್ಕಾರದಲ್ಲಿ ಐಟಿ-ಬಿಟಿ ಇಲಾಖೆ ಅಂತಲೂ ಒಂದಿದೆ. 2001ರಿಂದಲೇ ನಮಗೊಂದು ಜೈವಿಕ ತಂತ್ರಜ್ಞಾನ ನೀತಿ ಇದೆ, ಎಲೆಕ್ಟ್ರಾನಿಕ್ ಸಿಟಿಯಲ್ಲಿ ಅದಕ್ಕೆಂದೇ ಪಾರ್ಕಿದೆ. ಐಐಎಸ್‌ಸಿಯಲ್ಲಿ ಓದಿದವರು ಕಟ್ಟಿದ ಬೆಂಗಳೂರಿನ ಪ್ಯಾಂಡೋರಮ್ ಟೆಕ್ನಾಲಜೀಸ್ 2015ರ ಡಿಸೆಂಬರ್‌ನಲ್ಲಿ ಮನುಷ್ಯನ ಲಿವರ್ ಅಂಗಾಂಶವನ್ನು 3ಡಿ ಬಯೋಪ್ರಿಂಟ್ ಮಾಡಿದ್ದಾಗಿ, ಅಂದರೆ ಶಾಯಿಯ ಬದಲು ಜೀವಕೋಶಗಳನ್ನು ಪದರ ಪದರವಾಗಿ ಪ್ರಿಂಟ್ ಮಾಡಿದ್ದಾಗಿ ಪ್ರಕಟಿಸಿತು. ಹೀಗೆ ಒಂದೇ ರಾಜ್ಯ, ಒಂದೇ ಊರು: ಒಂದು ಇಲಾಖೆ ಲಿವರ್ ಸವೆಸಲು ಗುರಿ ಹಾಕುತ್ತದೆ, ಇನ್ನೊಂದು ಲಿವರ್ ಪ್ರಿಂಟಿಸುವವರಿಗೆ ಕಂಬಳಿ ಹಾಸುತ್ತದೆ. ಇಬ್ಬರೂ ಮುಖ ನೋಡಿ ಮಾತಾಡಿಕೊಂಡಂತೆ ಮಾತ್ರ ಕಾಣುವುದಿಲ್ಲ.

ಮಾತಾಡಿಕೊಂಡವರು ಗಾಂಧಿನಗರದ ಬಾರಿನಲ್ಲಿದ್ದರು.

'ಲಿವರ್ ಪ್ರಿಂಟ್ ಹೊಡೀತಾರಂತೆ ಕಣೋ.'

'ಜೆರಾಕ್ಸ್ ಥರಾನಾ?'

'ಹೂಂ, ಅದೂ ಕಲರ್.'

'ಹಂಗಾದ್ರೆ ಇನ್ನೊಂದು ನೈಂಟಿ ಹೇಳು.'

ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸುವವರು ಹಿಂದೆಯೂ ಇದ್ದರು. ಇವರು ಕುಲಾವಿಯ ದುಡ್ಡನ್ನೂ ಕೌಂಟರಿಗೆ ಕಟ್ಟುತ್ತಾರೆ.

ಪ್ರಿಂಟರಿನಿಂದ ಹೊರಬರುವುದು ಅವರ ಉಪ್ಪಿನಕಾಯಿ ತಟ್ಟೆಯಲ್ಲಿರುವ ಸಾಸಿವೆ ಕಾಳಿನ ಲೆಕ್ಕದ್ದು, ಮಿಲಿಮೀಟರುಗಳಲ್ಲಿ ಅಳೆಯುವಂಥದ್ದು. ಹೊಟ್ಟೆಯಲ್ಲಿರುವ ಲಿವರ್ ತೂಗುವುದು ಸುಮಾರು ಒಂದೂವರೆ ಕಿಲೋ. ನಡುವೆ ಇರುವ ತೊಡಕು ರಕ್ತನಾಳದ್ದು. ಜೀವಕೋಶಕ್ಕೂ ಅದರ ಹತ್ತಿರದ ಸೂಕ್ಷ್ಮ ರಕ್ತನಾಳಕ್ಕೂ ನಡುವಿನ ದೂರ 100-200 ಮೈಕ್ರೋಮೀಟರ್, ಅಂದರೆ ಮಿಲಿಮೀಟರಿನ ಹತ್ತರಲ್ಲಿ ಒಂದೆರಡು ಪಾಲು, ದಾಟಿದರೆ ಆಮ್ಲಜನಕ ಸಿಗದೆ ಕೋಶ ಸಾಯುತ್ತದೆ. ಆದ್ದರಿಂದ ದಪ್ಪಗೆ ಪ್ರಿಂಟ್ ಮಾಡಿದರೆ ಹೊರಗಿನ ಪದರ ಬದುಕಿರುತ್ತದೆ, ಒಳಗಿನದು ಹೆಣ. (ನಮ್ಮ ಕೆಲವು ನಿಗಮ ಮಂಡಳಿಗಳೂ ಹೀಗೇ ನಡೆಯುತ್ತಿವೆ. ಅದು ಬೇರೆ ಕಥೆ.)

ಹಾಗಾದರೆ ಈ ಕಾಳಿನಿಂದ ಏನುಪಯೋಗ? ಬಾರಿನಲ್ಲಿ ಕೇಳಬೇಕಾಗಿದ್ದದ್ದು ಇದು, ಯಾರೂ ಕೇಳಲಿಲ್ಲ. ಔಷಧ ಪರೀಕ್ಷೆಗೆ ಉಪಯೋಗ. ಟ್ರೋಗ್ಲಿಟಝೋನ್ ಎಂಬ ಸಕ್ಕರೆ ಕಾಯಿಲೆಯ ಮಾತ್ರೆ ಪ್ರಾಣಿಗಳಲ್ಲಿ ಪಾಸಾಗಿ, ಅಮೆರಿಕದಲ್ಲಿ 1997ರಲ್ಲಿ ಅನುಮತಿಯನ್ನೂ ಪಡೆದು, ರೋಗಿಗಳ ಲಿವರ್ ಕೆಡಿಸಿ 2000ದಲ್ಲಿ ಅಂಗಡಿಯಿಂದ ಎದ್ದುಹೋಯಿತು. ಇಂಥ ಮಾತ್ರೆ ಮನುಷ್ಯನ ಹೊಟ್ಟೆ ಸೇರುವ ಮುಂಚೆಯೇ ಮನುಷ್ಯನದ್ದೇ ಕೋಶಗಳ ಮೇಲೆ ಸೋಲಲಿ ಎಂಬುದು ಪ್ಯಾಂಡೋರಮ್ ಹುಡುಗರ ಕೆಲಸ. ಒಳ್ಳೆಯ ಕೆಲಸ. ಆದರೆ 'ಔಷಧ ಪರೀಕ್ಷೆಗೆ ನೆರವು' ಎಂದರೆ ಯಾವ ಚಾನೆಲ್ಲಿನಲ್ಲೂ ಕೆಂಪು ಪಟ್ಟಿ ಓಡುವುದಿಲ್ಲ, 'ಕುಡುಕರಿಗೆ ಸಿಹಿಸುದ್ದಿ' ಎಂದರೆ ಓಡುತ್ತದೆ.

ಸರ್ಕಾರವೂ ಆ ಪಟ್ಟಿಯನ್ನೇ ನಂಬಿದಂತಿರುವುದರಿಂದ ನನ್ನದೊಂದು ಸಲಹೆ. ಎರಡೂ ಇಲಾಖೆಗಳನ್ನು ಒಂದು ಮಾಡಿ. ಸಗಟು ಮದ್ಯ ಮಾರಲು 2003ರಿಂದ ಸರ್ಕಾರದ್ದೇ ಪಾನೀಯ ನಿಗಮವಿದೆ, ಚಿಲ್ಲರೆಗೆ ಸರ್ಕಾರದ್ದೇ ಎಂಎಸ್ಐಎಲ್ ಮಳಿಗೆಗಳಿವೆ. 2007ರಲ್ಲಿ ಸಾರಾಯಿ ನಿಷೇಧಿಸಿ ಬಡವರನ್ನು ಉಳಿಸಿದೆವು ಎಂದರು. ಬಡವರು ಸೀಲು ಒತ್ತಿದ ಪ್ಯಾಕೆಟ್ಟಿಗೆ ಬಡ್ತಿ ಪಡೆದರು. ಸರಪಳಿಯಲ್ಲಿ ಸೇರಬೇಕಾದ ಕೊಂಡಿ ಒಂದೇ ಒಂದು. ಬಾಟಲಿಯ ಮೇಲೆ 'ಮದ್ಯಪಾನ ಆರೋಗ್ಯಕ್ಕೆ ಹಾನಿಕರ' ಎಂಬ ಸಾಲಿನ ಕೆಳಗೆ ಸಣ್ಣಕ್ಷರದಲ್ಲಿ 'ಬದಲಿ ಭಾಗ ಸಂಶೋಧನೆಯಲ್ಲಿದೆ' ಎಂದು ಹಾಕಿಸಿ. ಖಾಲಿ ಬಾಟಲಿಯ ಮುಚ್ಚಳ ಕೂಡಿಟ್ಟವರಿಗೆ ಸರದಿಯಲ್ಲಿ ಆದ್ಯತೆ ಕೊಡಿ.

ಈಗಲೇ ಸಿಗುವ ಲಿವರಿನ ದಾರಿಯೂ ಒಂದಿದೆ, ಅದಕ್ಕೆ ಪ್ರಿಂಟರ್ ಬೇಕಿಲ್ಲ. ರಾಜ್ಯದ ಜೀವಸಾರ್ಥಕತೆ ಸಂಸ್ಥೆ ಅಂಗಾಂಗ ದಾನದ ವ್ಯವಸ್ಥೆ ನೋಡಿಕೊಳ್ಳುತ್ತದೆ. 2021ರಲ್ಲಿ ನಟ ಸಂಚಾರಿ ವಿಜಯ್ ಅವರ ಮಿದುಳು ನಿಷ್ಕ್ರಿಯವಾದಾಗ ಆ ಮನೆಯವರು ಅಂಥ ಹೊತ್ತಿನಲ್ಲೂ ದಾನಕ್ಕೆ ಒಪ್ಪಿದರು. ಬಾರಿನ ನಮ್ಮ ನೈಂಟಿ ಗೆಳೆಯನ ಮುಂದೆ ಅಂಗಾಂಗ ದಾನದ ಅರ್ಜಿ ಹಿಡಿದರೆ, 'ಮುಂದಿನ ಜನ್ಮದಲ್ಲಿ ಲಿವರ್ ಇಲ್ಲದೆ ಹುಟ್ಟಿಬಿಟ್ರೆ?' ಎನ್ನುತ್ತಾನೆ. ಈ ಜನ್ಮದಲ್ಲಿ ಇದ್ದದ್ದನ್ನು ಅವನು ಏನು ಮಾಡಿದ ಎಂದು ನಾನು ಕೇಳಲಿಲ್ಲ, ಬಿಲ್ಲು ಅವನದ್ದಾಗಿತ್ತು.

ನನ್ನ ಸಲಹೆ ಕಡತವಾಗಿ ಆರ್ಥಿಕ ಇಲಾಖೆಗೆ ಹೋಯಿತು ಅಂತಿಟ್ಟುಕೊಳ್ಳಿ. ಅದು ಯಾವ ಷರಾ ಹೊತ್ತು ಹಿಂದಿರುಗುತ್ತದೆಂದು ಈಗಲೇ ಹೇಳಬಲ್ಲೆ: 'ಹೊಸ ಲಿವರ್ ಹಾಕಿಸಿಕೊಂಡವರು ಮದ್ಯ ಮುಟ್ಟಬಾರದೆಂದು ವೈದ್ಯರ ಅಭಿಪ್ರಾಯವಿರುತ್ತದೆ. ಇದರಿಂದ ಬೊಕ್ಕಸಕ್ಕಾಗುವ ನಷ್ಟವನ್ನು ಯಾವ ಲೆಕ್ಕಶೀರ್ಷಿಕೆಯಡಿ ಭರಿಸತಕ್ಕದ್ದು? ಸ್ಪಷ್ಟೀಕರಣದೊಂದಿಗೆ ಮರುಮಂಡಿಸಿ.'