ಅಜ್ಜನ ಟ್ರಂಕಿನ್ಯಾಗಿನ ಮೋಡಿ

ದೀಪಾವಳಿ ಮುಂದ ಅಟ್ಟ ಸ್ವಚ್ಛ ಮಾಡುವಾಗ ಅಜ್ಜನ ತಗಡಿನ ಟ್ರಂಕು ಸಿಕ್ತು. ಒಳಗ ಕೆಂಪು ಅರಿವೆಯಲ್ಲಿ ಕಟ್ಟಿದ ಎರಡು ಗಂಟು ಕಾಗದ. "ಹುಳ ಹತ್ಯಾವು, ರದ್ದಿಗೆ ಹಾಕ್ಲೇ" ಅಂದ್ಳು ಅವ್ವ. ಬಿಚ್ಚಿದರೆ ಪೂರಾ ಮೋಡಿ ಲಿಪಿ, ಹಿಂದ ಮರಾಠಿ ಬರೀತಿದ್ದ ಓಟದ ಬರಹ. ಲೆಕ್ಕಣಿಕೆ ಎತ್ತದೆ ಎಳೆದ, ಇರುವೆ ಸಾಲು ಹರಿದಂಥ ಅಕ್ಷರ.

ಮನೆಮಾತು ಅಪ್ಪಟ ಧಾರವಾಡ ಕನ್ನಡ, ಹೊಲದ ಕಾಗದ ಮಾತ್ರ ಮರಾಠಿ! ಪೇಶ್ವೆಯರ ಕಾಲದಿಂದ ಮುಂಬೈ ಪ್ರಾಂತದ ಕಾಲದವರೆಗೂ ನಮ್ಮ ಕಡೆ ಕಚೇರಿಯ ಭಾಷೆಯ ಮೇಲೆ ಮರಾಠಿಯ ನೆರಳು ಹಾಗಿತ್ತು. ಕನ್ನಡ ಉಳಿಸಿ ಬೆಳೆಸಾಕ 1890ರಲ್ಲಿ ಧಾರವಾಡದಾಗ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿದ್ದು ಇದೇ ಸಂಕಟದಾಗ. ಪಾಠದಲ್ಲಿ ಓದಿದ್ದೆ, ಟ್ರಂಕು ತೆಗೆದ ದಿನ ಅರ್ಥ ಆತು.

ಗಂಟು ಹೊತ್ತುಕೊಂಡು ಒಂದು ಗ್ರಂಥಾಲಯಕ್ಕೆ ಹೋದೆ. ಕೌಂಟರಿನವರು ನೋಡಿ, "ಸ್ಕ್ಯಾನ್ ಮಾಡಿಸಿ ಇಟ್ಕೋರಿ ಸರ್" ಅಂದ್ರು. ಅಷ್ಟೇ.

ಸ್ಕ್ಯಾನ್ ಬೇಡ ಅನ್ನುವವನಲ್ಲ ನಾನು. ಹಳೆ ಪತ್ರಿಕೆಯ ಹಾಳೆ ಕೈಯಲ್ಲೇ ಹಪ್ಪಳದಂಗ ಮುರಿಯೋದು ಕಂಡೀನಿ. ಆದರೆ ಮೋಡಿ ಕಾಗದ ಕಂಪ್ಯೂಟರಿಗೆ ಹೋದರೂ ಮೋಡಿಯೇ. ಓದುವವರು ಬೇಕಲ್ಲ?

ನಮ್ಮೂರಲ್ಲಿ ತಾಳೆಗರಿಗೆ ಇದಕ್ಕಿಂತ ಒಳ್ಳೇ ಯೋಗ. 1939ರಲ್ಲಿ ಶುರುವಾಗಿ, ಆಮೇಲೆ ಕರ್ನಾಟಕ ವಿಶ್ವವಿದ್ಯಾಲಯಕ್ಕೆ ಸೇರಿದ ಕನ್ನಡ ಸಂಶೋಧನಾ ಸಂಸ್ಥೆಯಂಥವು ಹಸ್ತಪ್ರತಿ, ಶಾಸನ ಅಂತ ಜೀವ ತೇದವು. ಕಂಟದಿಂದ, ಅಂದ್ರ ಕಬ್ಬಿಣದ ಚೂಪು ಲೇಖನಿಯಿಂದ, ಕೊರೆದ ಗರಿಗೆ ಮಸಿ ಸವರಿದರೆ ಅಕ್ಷರ ಎದ್ದು ಬರ್ತಾವು; ಲಿಪಿ ಕನ್ನಡವೇ, ಹಳಗನ್ನಡ ಕಲಿತವರು ಓದ್ತಾರ. ನೂರಾರು ವರ್ಷದ ಹಿಂದಿನ ವಚನ ನಮಗೆ ಹತ್ತಿರ, ಮುತ್ತಜ್ಜನ ಹೊಲದ ವ್ಯಾಜ್ಯ ದೂರ. ಕಾವ್ಯ ಇದ್ದರ ಹಸ್ತಪ್ರತಿ, ಸಾಲ-ಬಡ್ಡಿ ಇದ್ದರ ರದ್ದಿ. ಈ ಲೆಕ್ಕ ನನಗೆ ಸರಿ ಕಾಣೋದಿಲ್ಲ. ಬರಗಾಲದಾಗ ಜೋಳ ಏನು ಧಾರಣಿ ಇತ್ತು, ಎತ್ತು ಯಾರಿಗೆ ಒತ್ತಿ ಬಿತ್ತು ಅನ್ನೋದು ಕಾವ್ಯದಾಗ ಸಿಗೂದಿಲ್ಲ.

ಇತಿಹಾಸ ಎಂ.ಎ. ಓದುವ ಹುಡುಗರಿಗೆ ಒಂದು ಸೆಮಿಸ್ಟರ್ ಮೋಡಿ ಕಲಿಸಲಿ. ಹೊಸ ಸ್ಕ್ಯಾನರ್ ಒಂದು ವರ್ಷ ತಡವಾದರೂ ನಡೀತದ. ಮೋಡಿ ಬಲ್ಲ ಹಿರಿಯರು ಆಗಲೇ ಎಂಬತ್ತು ದಾಟ್ಯಾರ.

ಟ್ರಂಕು ಈಗ ನನ್ನ ಮಂಚದ ಕೆಳಗದ. ಬೇವಿನ ಎಲೆ ಹಾಕಿ ಇಟ್ಟೀನಿ. ಹುಬ್ಬಳ್ಳಿ, ಗದಗ, ಹಾವೇರಿ ಕಡೆ ಮೋಡಿ ಓದಾಕ ಬರೋ ಅಜ್ಜಾರು ಯಾರರೆ ಇದ್ದರ ತಿಳಸ್ರಿ, ಗಂಟು ಹೊತ್ಕೊಂಡು ನಾನೇ ಬರ್ತೀನಿ.