ಸಿಗ್ನಲ್ ಇಲ್ಲದಿದ್ದರೂ ಜಿಪಿಎಸ್ ಇರುತ್ತದೆ

ಮೊನ್ನೆ ಶನಿವಾರ ವರ್ಜೀನಿಯಾದ ಶೆನಂಡೋವಾ ಕಾಡಿನಲ್ಲಿ ನಡೆಯುತ್ತಿದ್ದಾಗ ಒಂದು ಕಡೆ ದಾರಿ ಕವಲೊಡೆಯಿತು. ಎಡಕ್ಕಾ, ಬಲಕ್ಕಾ? ಜೊತೆಗಿದ್ದ ಗೆಳೆಯ ಫೋನ್ ತೆಗೆದು ನೋಡಿದ, ಮತ್ತೆ ಜೇಬಿಗೆ ಹಾಕಿದ. "ಸಿಗ್ನಲ್ಲೇ ಇಲ್ಲ ಮಾರಾಯ, ಇನ್ನು ಜಿಪಿಎಸ್ ಎಲ್ಲಿಂದ ಬರ್ಬೇಕು?" ಅಂದ. ಓದಿದವನು, ದಿನವಿಡೀ ಕಂಪ್ಯೂಟರ್ ಮುಂದೆ ಕೂರುವವನು. ನನಗೆ ಸಿಟ್ಟು ಬಂತು. ಅವನ ಮೇಲಲ್ಲ, ಅವನ ತಲೆಯಲ್ಲಿ ಇದನ್ನು ಕೂರಿಸಿದವರ ಮೇಲೆ.

ಫೋನ್ ಇಸ್ಕೊಂಡು ತೋರಿಸಿದೆ. ಮ್ಯಾಪ್ ತುಂಬಾ ಬರೀ ಬೂದು ಚೌಕಗಳು. ರಸ್ತೆಯಿಲ್ಲ, ಹೆಸರಿಲ್ಲ. ಆದರೆ ನಡುವೆ ನೀಲಿ ಚುಕ್ಕೆ ಇತ್ತು. ನಾವು ಸ್ವಲ್ಪ ದೂರ ನಡೆದರೆ ಅದೂ ನಡೆಯಿತು. ಕಂಪಾಸ್ ಆ್ಯಪ್ ತೆರೆದರೆ 38 ಡಿಗ್ರಿ ಉತ್ತರ, 78 ಡಿಗ್ರಿ ಪಶ್ಚಿಮ ಅಂತ ನಿಮಿಷ, ಸೆಕೆಂಡಿನ ಸಮೇತ ಬಂತು. ಬರದೇ ಇದ್ದದ್ದು ಮ್ಯಾಪಿನ ಚಿತ್ರ. ಜಿಪಿಎಸ್ ಅಲ್ಲ!

ಒಂದ್ಸಲ ಸರಿಯಾಗಿ ಹೇಳಿಬಿಡುತ್ತೇನೆ. ಜಿಪಿಎಸ್ ಉಪಗ್ರಹಗಳು ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಈಗ ಗಂಟೆ ಎಷ್ಟು, ನಾನು ಎಲ್ಲಿದ್ದೇನೆ ಅಂತ ಹಗಲೂ ರಾತ್ರಿ ಹೇಳುತ್ತಲೇ ಇರುತ್ತವೆ. ಫೋನ್ ಅದನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ತಿರುಗಿ ಏನೂ ಕಳಿಸುವುದಿಲ್ಲ. ಆ ಮಾತು ಬಂದು ಮುಟ್ಟಲು ಹಿಡಿದ ಹೊತ್ತಿನಿಂದ ಉಪಗ್ರಹ ಎಷ್ಟು ದೂರ ಅಂತ ಲೆಕ್ಕ ಹಾಕುತ್ತದೆ. ನಾಲ್ಕು ಉಪಗ್ರಹ ಸಿಕ್ಕರೆ ಲೆಕ್ಕ ಮುಗಿಯಿತು. ನಾಲ್ಕು ಯಾಕೆಂದರೆ ನಮ್ಮ ಫೋನಿನ ಗಡಿಯಾರದ ತಪ್ಪನ್ನೂ ಕಂಡುಹಿಡಿಯಬೇಕು. ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲು ತಪ್ಪಿದರೂ ಜಾಗ 300 ಮೀಟರ್ ಆಚೆ ಹೋಗುತ್ತದೆ. ಇದರಲ್ಲಿ ಸಿಮ್ ಎಲ್ಲಿ ಬಂತು? ಟವರ್ ಎಲ್ಲಿ ಬಂತು?

ಆದರೂ ಜನ ಹೀಗೆ ನಂಬಿದ್ದಾರೆ ಅಂದರೆ ಅದಕ್ಕೆ ಕಾರಣ ಇದೆ. ಅಮೆರಿಕದಲ್ಲಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದವರು ಎಲ್ಲಿದ್ದಾರೆ ಅಂತ ತಿಳಿಯಬೇಕು ಎಂದು ಅಲ್ಲಿನ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಎಫ್‌ಸಿಸಿ 1996ರಲ್ಲೇ ನಿಯಮ ತಂದಿತು. ಅದಕ್ಕಾಗಿ ಕೆಲವು ಮೊಬೈಲ್ ಕಂಪನಿಗಳು ಫೋನಿನೊಳಗೇ ಜಿಪಿಎಸ್ ಚಿಪ್ ಇರಿಸಿದವು. ಜೀವ ಉಳಿಸಲಿಕ್ಕೆ ಬಂದ ಚಿಪ್ ಅದು. 2000ದ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರ ಜನಸಾಮಾನ್ಯರ ಜಿಪಿಎಸ್‌ನಲ್ಲಿ ಬೇಕಂತಲೇ ಸೇರಿಸುತ್ತಿದ್ದ ತಪ್ಪನ್ನೂ ನಿಲ್ಲಿಸಿತು. ಜಿಪಿಎಸ್ ಮೂಲತಃ ಸೈನ್ಯದ ವ್ಯವಸ್ಥೆ, ಅದೇ ಬೀಗ ತೆಗೆದಿತ್ತು. ಫೋನ್ ಮಾರುವವರು ಬೀಗ ಹಾಕಿದರು.

2007ರಲ್ಲಿ ಅಮೆರಿಕದ ಮೊಬೈಲ್ ಕಂಪನಿ ವೆರೈಜನ್ ಮಾರಿದ ಬ್ಲ್ಯಾಕ್‌ಬೆರಿ 8830 ಫೋನ್ ನೆನಪಿದೆಯಾ? ಒಳಗೆ ಜಿಪಿಎಸ್ ಇತ್ತು. ಗೂಗಲ್ ಮ್ಯಾಪ್ಸ್‌ಗೆ ಅದನ್ನು ಮುಟ್ಟಲು ಬಿಡುತ್ತಿರಲಿಲ್ಲ. ದಾರಿ ಬೇಕಾದರೆ ಕಂಪನಿಯದ್ದೇ ಬೇರೆ ಆ್ಯಪ್ ಇತ್ತು, ಅದು ನಡೆಯುವ ಫೋನುಗಳಲ್ಲಿ ತಿಂಗಳಿಗೆ 9.99 ಡಾಲರ್. ಅದೇ ವರ್ಷದ ಕೊನೆಗೆ ಗೂಗಲ್, ಟವರ್ ನೋಡಿ ಅಂದಾಜಿನಲ್ಲಿ ಜಾಗ ತೋರಿಸುವ ಸೌಲಭ್ಯ ಕೊಟ್ಟಿತು. ಜೇಬಿನಲ್ಲೇ ಜಿಪಿಎಸ್ ಇಟ್ಟುಕೊಂಡು ಜನ ಈ ಅಂದಾಜಿನಲ್ಲಿ ಓಡಾಡಬೇಕಾಯಿತು. ನಮ್ಮ ಹಿತ್ತಲಿನ ಬಾವಿಗೆ ಬೇರೆಯವರು ಬೀಗ ಜಡಿದು ಕೊಡಕ್ಕಿಷ್ಟು ಅಂತ ವಸೂಲಿ ಮಾಡಿದ ಹಾಗೆ.

ಆ ಕಾಲದಲ್ಲಿ ನಾನೂ ದುಡ್ಡು ಕಟ್ಟಿದವನೇ. ಮಗಳು ಕೈಗೂಸು. ರಾತ್ರಿ ಹೊತ್ತು ಗುರುತಿಲ್ಲದ ಹೆದ್ದಾರಿ, ಹಿಂದಿನ ಸೀಟಿನಲ್ಲಿ ಅವಳ ಅಳು. ಆಗ ಯಾರು ತಾನೇ ಚೌಕಾಸಿ ಮಾಡುತ್ತಾರೆ? ಅವರ ವ್ಯಾಪಾರ ನಡೆದದ್ದು ಇಂಥ ಭಯದ ಮೇಲೆ. ಇವತ್ತಿಗೂ ಅದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಇದನ್ನು ಹೇಳಿದಾಗಲೆಲ್ಲ ಯಾರಾದರೂ ಅಡ್ಡ ಮಾತಾಡುತ್ತಾರೆ. ನೆಟ್‌ವರ್ಕ್ ಸಹಾಯ ಇಲ್ಲದೆ ಫೋನ್ ಜಿಪಿಎಸ್ ನಡೆಯುವುದಿಲ್ಲ, ಅದಕ್ಕೆ ಸರ್ವರ್ ಖರ್ಚಿದೆ ಅಂತ. ಅರ್ಧ ನಿಜ. ಉಪಗ್ರಹ ತನ್ನ ಜಾಗದ ವಿವರವನ್ನು ಸೆಕೆಂಡಿಗೆ 50 ಬಿಟ್‌ನಷ್ಟು ನಿಧಾನವಾಗಿ ಕಳಿಸುತ್ತದೆ. ಪೂರ್ತಿ ಕೇಳಿಸಿಕೊಳ್ಳಲು ಅರ್ಧ ನಿಮಿಷವಾದರೂ ಬೇಕು, ಮರದಡಿ ಇನ್ನೂ ಜಾಸ್ತಿ. ಅದನ್ನೇ ನೆಟ್‌ವರ್ಕ್ ಮೂಲಕ ಬೇಗ ಕೊಡುವುದಕ್ಕೆ ಎ-ಜಿಪಿಎಸ್ ಅನ್ನುತ್ತಾರೆ. ಅದರಿಂದ ಉಳಿಯುವುದು ಸಮಯ. ಬಯಲಲ್ಲಿ ನಿಂತು ಕಾಯುತ್ತೇನೆ ಅನ್ನುವವನಿಗೆ ಚಿಪ್ ಬಳಸಲು ಬಿಡದೆ ಇರಲು ಅದು ಕಾರಣವೇ ಅಲ್ಲ.

ಇನ್ನೊಂದು ಮಾತು, ಗ್ರಾಹಕರ ಗುಟ್ಟು ಕಾಯಲಿಕ್ಕೆ ಬೀಗ ಹಾಕಿದ್ದು ಅನ್ನುವುದು. ಗ್ರಾಹಕರು ಎಲ್ಲಿದ್ದಾರೆ ಅನ್ನುವ ಮಾಹಿತಿಯನ್ನು ಒಪ್ಪಿಗೆಯಿಲ್ಲದೆ ಬೇರೆಯವರ ಕೈಗೆ ದಾಟಿಸಿದ್ದಕ್ಕೆ 2024ರಲ್ಲಿ ಎಫ್‌ಸಿಸಿ ಅಲ್ಲಿನ ದೊಡ್ಡ ಮೊಬೈಲ್ ಕಂಪನಿಗಳಿಗೆ ಒಟ್ಟು 20 ಕೋಟಿ ಡಾಲರ್ ಹತ್ತಿರ ದಂಡ ಹಾಕಿತು. ದಂಡ ಸರಿಯಲ್ಲ ಅಂತ ಅವರು ಕೋರ್ಟಿಗೂ ಹೋದರು. ಇವರಾ ನಮ್ಮ ಗುಟ್ಟು ಕಾಯುವವರು?

ಆ ಬೀಗ ಹೋಗಿ ವರ್ಷಗಳಾದವು. ನಂಬಿಕೆ ಮಾತ್ರ ಹೋಗಿಲ್ಲ. ಬರೀ ವೈಫೈ ಇರುವ ಐಪ್ಯಾಡ್‌ನಲ್ಲಿ ಇವತ್ತಿಗೂ ಜಿಪಿಎಸ್ ಇಲ್ಲ. ಸಿಮ್ ಹಾಕುವ ಮಾಡೆಲ್ಲಿಗೆ ಜಾಸ್ತಿ ದುಡ್ಡು ಕೊಟ್ಟರೆ ಇದೆ, ಆಮೇಲೆ ಸಿಮ್ ಹಾಕದಿದ್ದರೂ ನಡೆಯುತ್ತದೆ. ಹೀಗಿದ್ದರೆ ಜನ ಸಿಮ್ಮಿನಿಂದಲೇ ಜಿಪಿಎಸ್ ಬರುವುದು ಅಂದುಕೊಳ್ಳದೆ ಇನ್ನೇನು ಮಾಡಿಯಾರು?

ಈ ವಾರ ಒಂದು ಕೆಲಸ ಮಾಡಿ. ಮನೆಯ ವೈಫೈನಲ್ಲಿ ನಿಮ್ಮ ಜಿಲ್ಲೆಯ ಮ್ಯಾಪ್ ಇಳಿಸಿಕೊಳ್ಳಿ, ಗೂಗಲ್ ಮ್ಯಾಪ್ಸ್‌ನಲ್ಲಿ ಆಫ್‌ಲೈನ್ ಮ್ಯಾಪ್ಸ್ ಅಂತ ಇದೆ. ಆಮೇಲೆ ಡೇಟಾ ಆಫ್ ಮಾಡಿ ಹೊರಗೆ ಹೋಗಿ ನೋಡಿ. ಕಳಸ, ಕುದುರೆಮುಖದ ಕಡೆ ಹೋಗುವವರಂತೂ ಹೊರಡುವ ಮೊದಲೇ ಮಾಡಿ. ಮೂಲೆಯಲ್ಲಿ ಬಿದ್ದಿರುವ ಹಳೆಯ ಫೋನ್ ಇದ್ದರೆ ಅದಕ್ಕೂ ಇಳಿಸಿ ಕಾರಿನಲ್ಲಿ ಇಟ್ಟುಬಿಡಿ. ಸಿಮ್ ಬೇಡ, ರೀಚಾರ್ಜ್ ಬೇಡ. ಚಾರ್ಜ್ ಇದ್ದರೆ ಸಾಕು.